ರಾತ್ರಿಯ ಕಾಲು ಸೆಳೆತ ಮತ್ತು ಕಾಲಿನ ಚಡಪಡಿಕೆ: ಗುರುತಿಸುವ, ಕಾರಣ ಹುಡುಕುವ, ಶಮನಗೊಳಿಸುವ ಕ್ರಮ

ರಾತ್ರಿ ಕಾಲಿನ ತೊಂದರೆಯಿಂದ ನಿದ್ದೆಗೆಟ್ಟವರು ವೈದ್ಯರ ಮುಂದೆ ಕುಳಿತಾಗ ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ‘ಕಾಲು ಎಳೆಯುತ್ತದೆ, ನಿದ್ದೆ ಬರುವುದಿಲ್ಲ.’ ಈ ಒಂದು ಮಾತಿನ ಹಿಂದೆ ಎರಡು ಬೇರೆ ಬೇರೆ ಕಾಯಿಲೆಗಳು ಇರಬಹುದು. ಒಂದು, ನಿದ್ದೆಯ ನಡುವೆ ಮೀನಖಂಡವೋ ಪಾದವೋ ಏಕಾಏಕಿ ಬಿಗಿದುಕೊಂಡು ಪ್ರಾಣ ಹಿಂಡುವ ಸ್ನಾಯು ಸೆಳೆತ. ಇನ್ನೊಂದು, ಮಲಗಿದೊಡನೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ, ಕಾಲಾಡಿಸದೆ ಇರಲಾಗದಂತೆ ಮಾಡುವ ಚಡಪಡಿಕೆ. ವೈದ್ಯರು ಇದನ್ನು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎನ್ನುತ್ತಾರೆ. ಮೊದಲನೆಯದು ಸ್ನಾಯುವಿಗೂ ಅದನ್ನು ನಡೆಸುವ ನರಕ್ಕೂ ಸಂಬಂಧಪಟ್ಟದ್ದು. ಎರಡನೆಯದು ಕಾಲಿನಲ್ಲಿ ಕಾಣಿಸಿಕೊಂಡರೂ ಅದರ ಮೂಲ ಮಿದುಳಿನಲ್ಲಿದೆ, ಅದರಲ್ಲೂ ಮಿದುಳಿಗೆ ಸಾಕಷ್ಟು ಕಬ್ಬಿಣಾಂಶ ಸಿಗದಿರುವುದರಲ್ಲಿದೆ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ಹೆಚ್ಚಿನ ಉಪಯೋಗಕ್ಕೆ ಬಾರದು. ನಿದ್ದೆ ಬರಲೆಂದು ಅಂಗಡಿಯಿಂದ ತಂದು ನುಂಗುವ ಕೆಲವು ಮಾತ್ರೆಗಳಂತೂ ಚಡಪಡಿಕೆಯನ್ನು ಇನ್ನಷ್ಟು ಕೆರಳಿಸುತ್ತವೆ. ಆದ್ದರಿಂದ ಮೊದಲು ವಿಂಗಡಣೆ, ಆಮೇಲೆ ಮಾತ್ರೆಗಳ ಪರಿಶೀಲನೆ, ಅದರ ನಂತರವೇ ಚಿಕಿತ್ಸೆ ಎಂಬ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ.

ಮೊದಲ ಹೆಜ್ಜೆ: ಯಾವುದೆಂದು ವಿಂಗಡಿಸಿಕೊಳ್ಳುವುದು

ಇದಕ್ಕೆ ಯಂತ್ರದ ಪರೀಕ್ಷೆ ಏನೂ ಬೇಕಿಲ್ಲ. ತೊಂದರೆ ಕಾಣಿಸಿಕೊಂಡ ಹೊತ್ತಿನಲ್ಲಿ ಕಾಲನ್ನು ಮುಟ್ಟಿ ನೋಡಬೇಕು. ಸ್ನಾಯು ಗಟ್ಟಿಯಾಗಿ ಗಂಟು ಕಟ್ಟಿದಂತೆ ಕೈಗೆ ಸಿಕ್ಕರೆ ಅದು ಸೆಳೆತ. ಸೆಳೆತ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಾಲನ್ನು ಹಿಡಿಯುತ್ತದೆ. ಹೆಚ್ಚಾಗಿ ಮೀನಖಂಡ, ಕೆಲವೊಮ್ಮೆ ಅಂಗಾಲಿನ ಕಮಾನು, ಅಪರೂಪಕ್ಕೆ ತೊಡೆಯ ಹಿಂಭಾಗ. ಗಾಢ ನಿದ್ದೆಯಲ್ಲಿದ್ದವರನ್ನೂ ನೋವಿನಿಂದ ಎಬ್ಬಿಸಿ ಕೂರಿಸುತ್ತದೆ. ಕೆಲವು ಸೆಕೆಂಡುಗಳಿಂದ ಹಿಡಿದು ಸುಮಾರು 10 ನಿಮಿಷದೊಳಗೆ ಬಿಟ್ಟುಹೋಗುತ್ತದೆ, ಆದರೆ ಆ ಜಾಗ ಮರುದಿನವೂ ಹೊಡೆತ ಬಿದ್ದಂತೆ ನೋಯುತ್ತಿರುತ್ತದೆ.

ಚಡಪಡಿಕೆಯಲ್ಲಿ ಸ್ನಾಯು ಮೆತ್ತಗೇ ಇರುತ್ತದೆ. ಅದನ್ನು ಗುರುತಿಸಲು ನಾಲ್ಕು ಲಕ್ಷಣಗಳು ಒಟ್ಟಿಗೆ ಇರಬೇಕು: ಕಾಲನ್ನು ಆಡಿಸಲೇಬೇಕೆಂಬ ತಡೆಯಲಾಗದ ತುಡಿತ, ಕುಳಿತಾಗ ಅಥವಾ ಮಲಗಿದಾಗ ಅದು ಶುರುವಾಗುವುದು ಅಥವಾ ಹೆಚ್ಚುವುದು, ಎದ್ದು ನಡೆದಾಗ, ಕಾಲು ಚಾಚಿದಾಗ, ಆಡಿಸುತ್ತಿರುವಷ್ಟು ಹೊತ್ತಾದರೂ ಕಡಿಮೆಯಾಗುವುದು, ಹಗಲಿಗಿಂತ ಸಂಜೆ ಮತ್ತು ರಾತ್ರಿಯಲ್ಲಿ ಹೆಚ್ಚಾಗಿರುವುದು. ಒಳಗೆ ಆಗುವ ಅನುಭವವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಇರುವೆ ಹರಿದಂತೆ, ಜುಮುಗುಟ್ಟಿದಂತೆ, ಎಲುಬಿನೊಳಗೆ ಸೆಳೆದಂತೆ, ‘ಹೇಳಲಿಕ್ಕೇ ಬರುವುದಿಲ್ಲ, ಆದರೆ ಸುಮ್ಮನಿರಲು ಬಿಡುವುದಿಲ್ಲ’ ಎಂದು. ಮೊಮ್ಮಕ್ಕಳನ್ನು ಕರೆದು ಕಾಲು ಒತ್ತಿಸಿಕೊಳ್ಳುವ, ಕಾಲ ಮೇಲೆ ನಿಲ್ಲಿಸಿ ತುಳಿಸಿಕೊಳ್ಳುವ ಹಿರಿಯರಲ್ಲಿ ಎಲ್ಲರಿಗೂ ದುಡಿಮೆಯ ಆಯಾಸವೇ ಕಾರಣವಾಗಿರಬೇಕೆಂದಿಲ್ಲ. ಕೆಲವರಿಗೆ ಇದೇ ಕಾಯಿಲೆ ಹೆಸರಿಲ್ಲದೆ ವರ್ಷಗಟ್ಟಲೆ ಇದ್ದಿರುತ್ತದೆ. 2007ರಲ್ಲಿ ಪ್ರಕಟವಾದ, ಬೆಂಗಳೂರಿನ ಜನರ ನಡುವೆ ನಡೆದ ಒಂದು ಸಮೀಕ್ಷೆಯಲ್ಲಿ ನೂರರಲ್ಲಿ ಸುಮಾರು ಇಬ್ಬರಿಗೆ ಈ ತೊಂದರೆ ಕಂಡುಬಂದಿತ್ತು. ಹೊಸ ಕಾಯಿಲೆಯೂ ಇದಲ್ಲ. 17ನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವರ್ಣಿಸಿದ್ದರು. 1940ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ವಿವರವಾಗಿ ದಾಖಲಿಸಿದ ಮೇಲೆ ಇಬ್ಬರ ಹೆಸರೂ ಸೇರಿ ವಿಲ್ಲಿಸ್–ಎಕ್‌ಬೊಮ್ ಕಾಯಿಲೆ ಎಂಬ ಹೆಸರೂ ಬಂತು.

ಇವೆರಡನ್ನು ಹೋಲುವ ಇನ್ನು ಕೆಲವು ತೊಂದರೆಗಳಿವೆ. ಸಕ್ಕರೆ ಕಾಯಿಲೆಯಲ್ಲಿ ನರಗಳು ಹಾಳಾದಾಗ ಅಂಗಾಲು ಉರಿಯುತ್ತದೆ, ಮರಗಟ್ಟುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ. ಅದು ರಾತ್ರಿ ಹೆಚ್ಚಾದರೂ ನಡೆದಾಡಿದರೆ ಹೋಗುವುದಿಲ್ಲ. ಕಾಲಿನ ರಕ್ತನಾಳ ಕಿರಿದಾಗಿದ್ದರೆ ಇದಕ್ಕೆ ತದ್ವಿರುದ್ಧ: ಒಂದಿಷ್ಟು ದೂರ ನಡೆದೊಡನೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆ. ಬೀಡಿ, ಸಿಗರೇಟು ಸೇದುವವರು ಮತ್ತು ಸಕ್ಕರೆ ಕಾಯಿಲೆಯವರು ಇದನ್ನು ಸಾಮಾನ್ಯ ಸೆಳೆತವೆಂದು ತಳ್ಳಿಹಾಕಬಾರದು.

ಕಾಯದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಕೆಂಪಾಗಿ, ನೋವು ಬಿಡದೇ ಇದ್ದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ದೀರ್ಘ ಪ್ರಯಾಣ, ಶಸ್ತ್ರಚಿಕಿತ್ಸೆ ಅಥವಾ ಹೆರಿಗೆಯ ನಂತರ ಹೀಗಾದರೆ ಅನುಮಾನ ಇನ್ನೂ ಹೆಚ್ಚು. ಅಂತಹ ಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಅದು ತುರ್ತು ಪರಿಸ್ಥಿತಿ. ಕಾಲು ಬಲಗುಂದುತ್ತಿದ್ದರೆ, ಸ್ನಾಯು ಸೊರಗುತ್ತಿದ್ದರೆ, ಸೆಳೆತ ಕೈ, ಹೊಟ್ಟೆ, ಬೆನ್ನಿಗೂ ಹಬ್ಬುತ್ತಿದ್ದರೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಮೈಕೈ ನೋವಿನ ಜೊತೆ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಮನೆಮದ್ದಿನಲ್ಲಿ ಕಾಲ ಕಳೆಯಬಾರದು.

ಎರಡನೆಯ ಹೆಜ್ಜೆ: ಮಾತ್ರೆಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿಯುವುದು

ಈ ಹೆಜ್ಜೆಗೆ ಖರ್ಚಿಲ್ಲ. ಆದರೂ ಇದನ್ನು ಮಾಡುವವರು ಕಡಿಮೆ. ಬಿಪಿ, ಸಕ್ಕರೆ, ಥೈರಾಯ್ಡ್, ಗ್ಯಾಸ್ಟ್ರಿಕ್, ನೆಗಡಿ, ನಿದ್ದೆ ಎಂದು ಮನೆಯಲ್ಲಿ ಸೇರಿಕೊಂಡಿರುವ ಎಲ್ಲ ಮಾತ್ರೆಗಳನ್ನೂ, ಹಾಗೆಯೇ ಸಿರಪ್ಪು, ಇನ್ಹೇಲರ್‌ಗಳನ್ನೂ ಒಂದು ಕಡೆ ಇಟ್ಟು, ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ಔಷಧದ ಮೂಲ ಹೆಸರನ್ನು ಬರೆದುಕೊಳ್ಳಬೇಕು. ಕಂಪನಿಯ ಹೆಸರಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಪ್ರತಿಯೊಂದರ ಎದುರಿಗೆ ಅದನ್ನು ಶುರುಮಾಡಿದ ತಿಂಗಳನ್ನೂ, ಕಾಲಿನ ತೊಂದರೆ ಶುರುವಾದ ತಿಂಗಳನ್ನೂ ಬರೆದರೆ ಎಷ್ಟೋ ಸಲ ಉತ್ತರ ಅಲ್ಲಿಯೇ ಇರುತ್ತದೆ.

ಸೆಳೆತವನ್ನು ಹೆಚ್ಚಿಸುವವುಗಳಲ್ಲಿ ಮುಖ್ಯವಾದವು ಮೂತ್ರ ಹೆಚ್ಚಿಸುವ ಔಷಧಗಳು: ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್, ಫ್ಯೂರೋಸೆಮೈಡ್. ಬಿಪಿಗೆ ಕೊಡುವ ಜೋಡಿ ಮಾತ್ರೆಗಳಲ್ಲಿ ಇವು ಸೇರಿಕೊಂಡಿರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಹೆಸರಿನ ಕೊನೆಗೆ ‘ಎಚ್’ ಅಥವಾ ‘ಸಿಟಿ’ ಎಂದಿದ್ದರೆ ಸಾಮಾನ್ಯವಾಗಿ ಅದು ಇಂತಹ ಜೋಡಿ. ದಮ್ಮಿಗೆ ಬಳಸುವ ದೀರ್ಘಕಾಲ ಕೆಲಸ ಮಾಡುವ ಇನ್ಹೇಲರ್‌ಗಳು, ಎಲುಬು ಸವೆತಕ್ಕೆ ಕೊಡುವ ರಾಲಾಕ್ಸಿಫೀನ್ ಮತ್ತು ಟೆರಿಪ್ಯಾರಟೈಡ್ ಕೂಡ ಈ ಪಟ್ಟಿಯಲ್ಲಿವೆ. ಸ್ಟ್ಯಾಟಿನ್‌ಗಳ ಮೇಲೆ ಎಲ್ಲ ಕಾಲು ನೋವಿನ ಆಪಾದನೆಯನ್ನೂ ಹೊರಿಸುವ ರೂಢಿ ಇದೆ. ಅವುಗಳಿಂದ ಸ್ನಾಯು ನೋವು ಬರಬಹುದು ನಿಜ, ಆದರೆ ರಾತ್ರಿ ಮಾತ್ರ ಬಂದು ಬಿಟ್ಟುಹೋಗುವ ಸೆಳೆತಕ್ಕೆ ಅವೇ ಕಾರಣವೆಂದು ಹೇಳುವುದು ಕಷ್ಟ. ಹೃದಯಾಘಾತವಾದವರು ಈ ಅನುಮಾನದ ಮೇಲೆ ತಾವಾಗಿಯೇ ಆ ಮಾತ್ರೆ ಬಿಡುವುದು ಅಪಾಯಕರ.

ಚಡಪಡಿಕೆಯನ್ನು ಕೆರಳಿಸುವ ಔಷಧಗಳು ಬೇರೆಯೇ. ನೆಗಡಿ, ಅಲರ್ಜಿ, ತುರಿಕೆಗೆ ಬಳಸುವ ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್‌ಗಳು ಮೊದಲ ಸಾಲಿನಲ್ಲಿವೆ: ಕ್ಲೋರ್‌ಫೆನಿರಮಿನ್, ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಪ್ರೊಮೆಥಜೀನ್. ಇವು ತೂಕಡಿಕೆ ತರುತ್ತವೆ ಎಂದು ನಿದ್ದೆಗಾಗಿಯೇ ನುಂಗುವವರಿದ್ದಾರೆ. ಚಡಪಡಿಕೆ ಇರುವವರು ಹೀಗೆ ಮಾಡಿದರೆ ಕಣ್ಣು ಎಳೆಯುತ್ತದೆ, ಕಾಲು ಮಲಗಲು ಬಿಡುವುದಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಮತ್ತು ಪ್ರೊಕ್ಲೋರ್‌ಪೆರಜೀನ್, ಖಿನ್ನತೆಗೆ ಅಥವಾ ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮಿರ್ಟಜಪೀನ್, ಎಸಿಟಾಲೊಪ್ರಾಮ್ ಬಗೆಯ ಮಾತ್ರೆಗಳು, ಮನೋರೋಗಕ್ಕೆ ಕೊಡುವ ಹಲವು ಔಷಧಗಳು ಕೂಡ ಇದೇ ಕೆಲಸ ಮಾಡಬಲ್ಲವು. ನೆಗಡಿಯ ಮಾತ್ರೆಯನ್ನು ಬಿಟ್ಟು ನೋಡುವುದು ನಮ್ಮ ಕೈಯಲ್ಲಿದೆ. ಬಿಪಿ, ಮಾನಸಿಕ ಆರೋಗ್ಯ, ಹೃದಯದ ಮಾತ್ರೆಗಳನ್ನು ಮಾತ್ರ ಪಟ್ಟಿ ಸಮೇತ ವೈದ್ಯರಿಗೆ ತೋರಿಸಿ, ಬದಲಿ ಇದೆಯೇ ಎಂದು ಕೇಳಬೇಕೇ ಹೊರತು ತಾನಾಗಿ ನಿಲ್ಲಿಸಬಾರದು.

ಸೆಳೆತ ಹಿಡಿದ ಕ್ಷಣದಲ್ಲಿ

ಬಿಗಿದ ಸ್ನಾಯುವನ್ನು ಅದು ಎಳೆಯುತ್ತಿರುವ ದಿಕ್ಕಿಗೆ ವಿರುದ್ಧವಾಗಿ ಹಿಗ್ಗಿಸುವುದೇ ಇದಕ್ಕಿರುವ ಅತ್ಯಂತ ವೇಗದ ಉಪಾಯ. ಮೀನಖಂಡ ಹಿಡಿದಾಗ ಪಾದ ಕೆಳಮುಖವಾಗಿ ಚಾಚಿಕೊಳ್ಳುತ್ತದೆ. ಆದ್ದರಿಂದ ಮಂಡಿಯನ್ನು ನೇರವಾಗಿಟ್ಟುಕೊಂಡು, ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆಯಬೇಕು. ಬೊಜ್ಜು ಅಥವಾ ಸೊಂಟನೋವಿನಿಂದ ಬಾಗಲಾಗದವರು ಮಂಚದ ಪಕ್ಕದಲ್ಲೇ ಒಂದು ಹಳೆಯ ಪಂಚೆ ಅಥವಾ ಟವೆಲನ್ನು ಇಟ್ಟುಕೊಂಡು, ಅದನ್ನು ಪಾದದ ಮುಂಭಾಗಕ್ಕೆ ಸುತ್ತುಹಾಕಿ ಎರಡೂ ತುದಿಗಳನ್ನು ತಮ್ಮತ್ತ ಎಳೆದುಕೊಳ್ಳಬಹುದು. ನಿಲ್ಲಬಲ್ಲವರು ಎದ್ದು, ಆ ಕಾಲಿನ ಮೇಲೆಯೇ ಭಾರ ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಂತರೂ ಅದೇ ಪರಿಣಾಮ. ವಯಸ್ಸಾದವರು ಗಾಬರಿಯಿಂದ ಕತ್ತಲಲ್ಲಿ ಧಡಕ್ಕನೆ ಏಳಬಾರದು. ಸೆಳೆತಕ್ಕಿಂತ ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವುದು ದೊಡ್ಡ ಅನಾಹುತ.

ಅಂಗಾಲು ಹಿಡಿದರೆ ಬೆರಳುಗಳನ್ನಷ್ಟೇ ಮೇಲಕ್ಕೆ ಮಡಿಸಬೇಕು. ತೊಡೆಯ ಹಿಂಭಾಗವಾದರೆ ಮಂಡಿಯನ್ನು ನೇರ ಮಾಡಬೇಕು. ತೊಡೆಯ ಮುಂಭಾಗವಾದರೆ ಗೋಡೆಗೆ ಕೈಕೊಟ್ಟು ನಿಂತು ಹಿಮ್ಮಡಿಯನ್ನು ಹಿಂದಕ್ಕೆ ಮಡಿಸಬೇಕು. ಬಿಗಿತ ಸಡಿಲವಾಗತೊಡಗಿದ ಮೇಲೆ ಅಂಗೈಯಿಂದ ಮೃದುವಾಗಿ ನೀವಿ, ಕೆಲವು ಹೆಜ್ಜೆ ನಡೆದು, ಬಿಸಿನೀರಿನ ಚೀಲ ಇಟ್ಟುಕೊಂಡರೆ ಉಳಿದ ನೋವು ಇಳಿಯುತ್ತದೆ. ಕೊಬ್ಬರಿ ಎಣ್ಣೆಯೋ ಕರ್ಪೂರದ ಎಣ್ಣೆಯೋ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಕೆಲಸ ಮಾಡುವುದು ಬಹುಪಾಲು ನೀವುವ ಕೈಯೇ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ಬಿಸಿನೀರಿನ ಚೀಲವನ್ನು ಬಳಸಲೇಬಾರದು. ಸುಟ್ಟದ್ದು ಗೊತ್ತಾಗದೆ ಹುಣ್ಣಾಗುತ್ತದೆ.

ಸೆಳೆತ ಮರುಕಳಿಸದಂತೆ

ಸೆಳೆತ ಏಕೆ ಬರುತ್ತದೆಂಬುದಕ್ಕೆ ಬಹುತೇಕರಲ್ಲಿ ಒಂದೇ ನಿಶ್ಚಿತ ಕಾರಣ ಸಿಗುವುದಿಲ್ಲ. ಮಲಗಿದಾಗ ಪಾದ ಸಹಜವಾಗಿ ಕೆಳಕ್ಕೆ ಬಾಗಿ ಮೀನಖಂಡ ಗಿಡ್ಡವಾಗುತ್ತದೆ. ಆ ಸ್ಥಿತಿಯಲ್ಲಿ ನರದಿಂದ ಬರುವ ಚಿಕ್ಕ ಪ್ರಚೋದನೆಯೂ ಸ್ನಾಯುವನ್ನು ಪೂರ್ತಿ ಬಿಗಿಯಬಹುದು ಎಂಬುದು ಹೆಚ್ಚು ಒಪ್ಪಿತವಾದ ವಿವರಣೆ. ವಯಸ್ಸಾದಂತೆ ಸ್ನಾಯುಗಳು ಗಿಡ್ಡವಾಗುವುದು, ಅವುಗಳನ್ನು ನಡೆಸುವ ನರತಂತುಗಳು ಕಡಿಮೆಯಾಗುವುದು ಇದಕ್ಕೆ ಪೂರಕ. ದಿನವಿಡೀ ನಿಂತು ಕೆಲಸ ಮಾಡುವ ಅಂಗಡಿಯವರು, ಅಡುಗೆಯವರು, ಶಿಕ್ಷಕರು, ಬಸ್ ಕಂಡಕ್ಟರ್‌ಗಳು, ಉಬ್ಬಿದ ರಕ್ತನಾಳಗಳಿರುವವರು, ಚಪ್ಪಟೆ ಪಾದದವರು ಹೆಚ್ಚು ಅನುಭವಿಸುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಮೂತ್ರಪಿಂಡ ಮತ್ತು ಯಕೃತ್ತಿನ ಕಾಯಿಲೆಗಳು, ಸೊಂಟದಲ್ಲಿ ನರ ಒತ್ತಿರುವುದು ಇವೂ ಕಾರಣವಾಗಬಲ್ಲವು.

ತಡೆಯಲು ಮಾಡಬಹುದಾದದ್ದರಲ್ಲಿ ಮೊದಲು ಹೇಳಬೇಕಾದದ್ದು ಮಲಗುವ ಮುನ್ನದ ಸ್ನಾಯು ಹಿಗ್ಗಿಸುವ ವ್ಯಾಯಾಮ. ನೆದರ್‌ಲ್ಯಾಂಡ್ಸ್‌ನಲ್ಲಿ 55 ದಾಟಿದ 80 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 6 ವಾರ ಪ್ರತಿ ರಾತ್ರಿ ಇದನ್ನು ಮಾಡಿದವರಿಗೆ ಸೆಳೆತದ ಸಂಖ್ಯೆಯೂ ತೀವ್ರತೆಯೂ ಕಡಿಮೆಯಾಯಿತು. ಮಾಡುವ ಕ್ರಮ ಹೀಗಿದೆ. ಗೋಡೆಯಿಂದ ತೋಳಿನಷ್ಟು ದೂರ ನಿಂತು, ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ, ಒಂದು ಕಾಲನ್ನು ಹಿಂದಕ್ಕಿಡಿ. ಹಿಂದಿನ ಕಾಲಿನ ಮಂಡಿ ನೇರವಾಗಿರಲಿ, ಹಿಮ್ಮಡಿ ನೆಲ ಬಿಟ್ಟು ಏಳದಿರಲಿ. ಮುಂದಿನ ಮಂಡಿಯನ್ನು ಬಗ್ಗಿಸುತ್ತಾ ಗೋಡೆಯ ಕಡೆಗೆ ವಾಲಿದಾಗ ಹಿಂದಿನ ಮೀನಖಂಡದಲ್ಲಿ ಹಿಗ್ಗಿದ ಅನುಭವವಾಗಬೇಕು, ನೋವಾಗಬಾರದು. 10 ಸೆಕೆಂಡು ಹಾಗೆಯೇ ಇದ್ದು ಸಡಿಲಿಸಿ. ಹೀಗೆ ಪ್ರತಿ ಕಾಲಿಗೆ 3 ಸಲ. ಎರಡನೆಯದು ತೊಡೆಯ ಹಿಂಭಾಗಕ್ಕೆ: ಕುರ್ಚಿಯ ಅಂಚಿನಲ್ಲಿ ಕುಳಿತು ಒಂದು ಕಾಲನ್ನು ಮುಂದಕ್ಕೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೂರಿ, ಬೆರಳುಗಳನ್ನು ಮೇಲಕ್ಕೆತ್ತಿ, ಬೆನ್ನು ಗೂನಾಗದಂತೆ ಸೊಂಟದಿಂದ ಮುಂದಕ್ಕೆ ಬಾಗಬೇಕು. ಒಟ್ಟು ಐದು ನಿಮಿಷವೂ ಹಿಡಿಯದ ಕೆಲಸವಾದರೂ ನಾಲ್ಕು ದಿನ ಮಾಡಿ ಬಿಟ್ಟವರಿಗೆ ಏನೂ ಸಿಗದು. ಕನಿಷ್ಠ ಆರು ವಾರ ಬಿಡದೆ ಮಾಡಬೇಕು.

ಮಲಗುವ ಭಂಗಿಯನ್ನೂ ಗಮನಿಸಬೇಕು. ಭಾರವಾದ ಕಂಬಳಿ ಅಥವಾ ರಜಾಯಿಯನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದರೆ ಅದು ರಾತ್ರಿಯಿಡೀ ಬೆರಳುಗಳನ್ನು ಕೆಳಕ್ಕೆ ಒತ್ತುತ್ತಿರುತ್ತದೆ; ಕಾಲಿನ ಕಡೆ ಸಡಿಲವಾಗಿ ಬಿಡಬೇಕು. ಬೋರಲಾಗಿ ಮಲಗುವವರು ಪಾದಗಳು ಹಾಸಿಗೆಯ ಅಂಚಿನಿಂದ ಹೊರಗೆ ತೂಗುವಂತೆ ಮಲಗಬಹುದು.

ನೀರು, ಉಪ್ಪಿನ ವಿಚಾರದಲ್ಲಿ ಅತಿರೇಕಗಳೇ ಹೆಚ್ಚು ಪ್ರಚಾರದಲ್ಲಿವೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊಲದಲ್ಲಿ ಬೆವರು ಹರಿಸಿ ದುಡಿಯುವವರಿಗೆ, ವಾಂತಿಭೇದಿಯಾದವರಿಗೆ ನೀರು ಮತ್ತು ಲವಣ ಎರಡೂ ನಷ್ಟವಾಗಿ ಸೆಳೆತ ಬರುವುದು ನಿಜ. ಅವರಿಗೆ ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಸರಿಯಾದ ಪರಿಹಾರ. ಆದರೆ ಫ್ಯಾನಿನ ಕೆಳಗೆ ಕುಳಿತಿರುವ, ಬಿಪಿ ಇರುವ ಅಜ್ಜನಿಗೆ ಅದೇ ಉಪ್ಪಿನ ಮಜ್ಜಿಗೆ ಹಾನಿ. ಬಾಳೆಹಣ್ಣು ತಿನ್ನುವುದಕ್ಕೂ ಸಾಮಾನ್ಯ ರಾತ್ರಿ ಸೆಳೆತಕ್ಕೂ ಜನ ನಂಬಿರುವಷ್ಟು ನಂಟಿಲ್ಲ. ಹೆಚ್ಚಿನವರ ರಕ್ತದಲ್ಲಿ ಪೊಟ್ಯಾಸಿಯಂ ಸರಿಯಾಗಿಯೇ ಇರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮೆಗ್ನೀಸಿಯಂ ಮಾತ್ರೆಗಳ ಮಾರಾಟ ಈಗ ಭರದಿಂದ ಸಾಗಿದೆ. ಲಭ್ಯವಿರುವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2020ರ ಕೊಕ್ರೇನ್ ವಿಮರ್ಶೆಯ ಪ್ರಕಾರ ವಯಸ್ಸಾದವರ ಸೆಳೆತಕ್ಕೆ ಅದರಿಂದ ಗಣನೀಯ ಪ್ರಯೋಜನ ಸಿಗುವ ಸಂಭವ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ದೇಹದಲ್ಲಿ ಸೇರಿಕೊಂಡು ಅಪಾಯ ತರಬಲ್ಲದು. ಚೀನಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಟಮಿನ್ ಕೆ2 ಹಿರಿಯರ ಸೆಳೆತವನ್ನು ಕಡಿಮೆ ಮಾಡಿತು. ಒಂದೇ ಅಧ್ಯಯನವನ್ನು ನಂಬಿ ಎಲ್ಲರಿಗೂ ಹೇಳುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಸೆನೊಕೂಮರಾಲ್ ತೆಗೆದುಕೊಳ್ಳುವವರಂತೂ ಅದನ್ನು ಮುಟ್ಟಬಾರದು, ಆ ಔಷಧಗಳ ಕೆಲಸವನ್ನೇ ಅದು ಕೆಡಿಸುತ್ತದೆ. ಮಲೇರಿಯಾದ ಕ್ವಿನೈನ್ ಸೆಳೆತವನ್ನು ಕಡಿಮೆ ಮಾಡುವುದು ನಿಜವಾದರೂ ರಕ್ತದ ಪ್ಲೇಟ್‌ಲೆಟ್ ಕುಸಿತ, ಹೃದಯಬಡಿತದ ಏರುಪೇರಿನಂತಹ ಜೀವಾಪಾಯದ ಕಾರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೂ 2010ರಲ್ಲೂ ಈ ಬಳಕೆಯ ವಿರುದ್ಧ ಎಚ್ಚರಿಸಿದೆ. ನೋವು ತರುವ, ಪ್ರಾಣ ತೆಗೆಯದ ಕಾಯಿಲೆಗೆ ಅಂತಹ ಔಷಧ ಬೇಡ.

ಚಡಪಡಿಕೆಗೆ ಮೊದಲ ಪರೀಕ್ಷೆ: ಫೆರಿಟಿನ್

ಚಡಪಡಿಕೆಯ ಕಾಯಿಲೆಯಲ್ಲಿ ಅರ್ಧದಷ್ಟು ಕೆಲಸ ಮುಗಿಯುವುದು ಒಂದು ರಕ್ತಪರೀಕ್ಷೆಯಿಂದ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ವ್ಯವಹಾರ ಸರಿಯಾಗಿ ನಡೆಯಲು ಕಬ್ಬಿಣಾಂಶ ಬೇಕು. ಈ ಕಾಯಿಲೆಯವರ ಮಿದುಳಿನ ಕೆಲವು ಭಾಗಗಳಲ್ಲಿ ಅದು ಕಡಿಮೆಯಿರುತ್ತದೆ, ರಕ್ತದಲ್ಲಿ ಸಾಕಷ್ಟು ಇದ್ದಾಗಲೂ ಕೂಡ. ವಂಶವಾಹಿಯ ಪಾತ್ರವೂ ದೊಡ್ಡದು. ತಾಯಿಗೋ ತಂದೆಗೋ ಇದೇ ಅಭ್ಯಾಸ ಇತ್ತೇ ಎಂದು ಕೇಳಿದರೆ ಹಲವು ಮನೆಗಳಲ್ಲಿ ‘ಹೌದು’ ಎಂಬ ಉತ್ತರ ಬರುತ್ತದೆ.

ಇಲ್ಲಿ ಆಗುವ ಸಾಮಾನ್ಯ ಎಡವಟ್ಟೆಂದರೆ ಹಿಮೊಗ್ಲೋಬಿನ್ ಮಾತ್ರ ನೋಡಿ ‘ರಕ್ತ ಚೆನ್ನಾಗಿದೆ’ ಎಂದು ಸುಮ್ಮನಾಗುವುದು. ಹಿಮೊಗ್ಲೋಬಿನ್ ಇಳಿಯುವ ಎಷ್ಟೋ ಮೊದಲೇ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರುತ್ತದೆ, ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್. ಅದರ ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣವನ್ನು ಹೊತ್ತೊಯ್ಯುವ ಪ್ರೋಟೀನಿನಲ್ಲಿ ಎಷ್ಟು ಪಾಲು ತುಂಬಿದೆ ಎಂಬ ಅಳತೆ) ಕೂಡ ನೋಡಬೇಕು. ಸಾಧ್ಯವಾದಷ್ಟು ಬೆಳಗ್ಗೆಯೇ ರಕ್ತ ಕೊಡಬೇಕು. ಕಬ್ಬಿಣದ ಮಾತ್ರೆ ಸೇವಿಸುತ್ತಿದ್ದರೆ ಹಿಂದಿನ 24 ಗಂಟೆ ಅದನ್ನು ಬಿಟ್ಟಿರಬೇಕು. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ಆದ್ದರಿಂದ ಆಗ ಮಾಡಿಸುವುದು ಬೇಡ.

ಫಲಿತಾಂಶವನ್ನು ಓದುವಾಗಲೂ ಎಚ್ಚರ ಬೇಕು. ಪ್ರಯೋಗಾಲಯದ ಚೀಟಿಯಲ್ಲಿ ಹೆಣ್ಣುಮಕ್ಕಳಿಗೆ ಫೆರಿಟಿನ್ 15 ಅಥವಾ 20 ಇದ್ದರೂ ‘ಸಾಮಾನ್ಯ’ ಎಂದೇ ಅಚ್ಚಾಗಿರಬಹುದು. ಈ ಕಾಯಿಲೆಗೆ ಆ ಅಳತೆಗೋಲು ಒಪ್ಪುವುದಿಲ್ಲ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ವಯಸ್ಕರಲ್ಲಿ ಫೆರಿಟಿನ್ ಪ್ರತಿ ಮಿಲಿಲೀಟರಿಗೆ 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಥವಾ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 20 ಶೇಕಡಾಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡಬಹುದು. 75ರಿಂದ 100ರ ನಡುವೆ ಇದ್ದರೆ ಮಾತ್ರೆಯಿಂದ ಲಾಭವಿಲ್ಲ, ಅಭಿಧಮನಿಯ ಮೂಲಕ ಕೊಡುವುದನ್ನು ಮಾತ್ರ ಯೋಚಿಸಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧದ ಹತ್ತಿರದಷ್ಟು ಮಂದಿಗೆ ರಕ್ತಹೀನತೆ ಇತ್ತು ಎಂಬುದನ್ನು ನೆನೆದರೆ, ಕಾಲಿನ ಚಡಪಡಿಕೆಯೆಂದು ಬಂದ ಹೆಂಗಸಿಗೆ ಫೆರಿಟಿನ್ ನೋಡದೆ ನಿದ್ದೆ ಮಾತ್ರೆ ಬರೆದುಕೊಡುವುದು ಸರಿಯಲ್ಲ ಎಂದೇ ಹೇಳಬೇಕಾಗುತ್ತದೆ. ಇದೇ ಸಂದರ್ಭದಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್, ಬಿ12 ಕೂಡ ನೋಡಿಸಿಕೊಂಡರೆ ಮತ್ತೆ ಮತ್ತೆ ಓಡಾಡುವುದು ತಪ್ಪುತ್ತದೆ.

ಕಬ್ಬಿಣವನ್ನು ತುಂಬಿಕೊಳ್ಳುವ ಬಗೆ

ಕಬ್ಬಿಣದ ಮಾತ್ರೆಯನ್ನು ದಿನಕ್ಕೆ ಒಂದು, ಇಲ್ಲವೇ ದಿನ ಬಿಟ್ಟು ದಿನ ಒಂದು ತೆಗೆದುಕೊಂಡರೆ ಸಾಕು. ದಿನಕ್ಕೆ ಮೂರು ನುಂಗಿದರೆ ಹೀರಿಕೆ ಮೂರು ಪಟ್ಟಾಗುವುದಿಲ್ಲ. ಒಂದು ಮಾತ್ರೆ ಸೇವಿಸಿದ ಮೇಲೆ ಕರುಳಿನ ಹೀರಿಕೆಯನ್ನು ತಡೆಯುವ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ, ಮುಂದಿನವು ಹೆಚ್ಚಾಗಿ ವ್ಯರ್ಥವಾಗುತ್ತವೆ, ಹೊಟ್ಟೆನೋವು, ಮಲಬದ್ಧತೆ ಮಾತ್ರ ಉಳಿಯುತ್ತವೆ. ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳುವುದು ಉತ್ತಮ (ಸಕ್ಕರೆ ಕಾಯಿಲೆಯವರು ಸಿಹಿ ಹಾಕದೆ). ಮಾತ್ರೆಗೆ ಮುಂಚೆ ಮತ್ತು ನಂತರ ಒಂದೆರಡು ಗಂಟೆ ಕಾಫಿ, ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆ ಬೇಡ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರ ಇರಬೇಕು. ಮಲ ಕಪ್ಪಾದರೆ ಹೆದರಬೇಕಿಲ್ಲ.

ನುಗ್ಗೆಸೊಪ್ಪು, ಹರಿವೆಸೊಪ್ಪು, ಹುರುಳಿಕಾಳು ಊಟದಲ್ಲಿರಲಿ, ಮೇಲೆ ನಿಂಬೆರಸ ಹಿಂಡಿಕೊಳ್ಳಿ. ಮಾಂಸಾಹಾರಿಗಳಿಗೆ ಮಾಂಸದ ಕಬ್ಬಿಣ ಸುಲಭವಾಗಿ ದಕ್ಕುತ್ತದೆ. ಆದರೆ ಬರಿದಾದ ದಾಸ್ತಾನನ್ನು ಆಹಾರದಿಂದಲೇ ತುಂಬಿಸುತ್ತೇನೆಂಬುದು ಆಗದ ಮಾತು. ರಾಗಿ ಕ್ಯಾಲ್ಸಿಯಂಗೆ ಒಳ್ಳೆಯ ಧಾನ್ಯ. ಅದರಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳುವುದು ಅಲ್ಪ. ಮೂರು ತಿಂಗಳ ನಂತರ ಫೆರಿಟಿನ್ ಮತ್ತೆ ನೋಡಿಸಬೇಕು. ಏರದಿದ್ದರೆ, ಹೊಟ್ಟೆ ಒಪ್ಪದಿದ್ದರೆ, ತೊಂದರೆ ತೀವ್ರವಾಗಿದ್ದರೆ ಆಸ್ಪತ್ರೆಯಲ್ಲಿ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಕಬ್ಬಿಣವನ್ನು ಡ್ರಿಪ್ ಮೂಲಕ ಕೊಡಿಸಬಹುದು. 2025ರ ಮಾರ್ಗಸೂಚಿ ಇದನ್ನು ಬಲವಾಗಿ ಶಿಫಾರಸು ಮಾಡಿದೆ.

ಕಬ್ಬಿಣ ಏಕೆ ಖಾಲಿಯಾಯಿತೆಂದು ಕೇಳದೆ ಬಿಡಬಾರದು. ಅತಿಯಾದ ಮುಟ್ಟಿನ ಸ್ರಾವ, ಮೂಲವ್ಯಾಧಿ, ಬರಿಗಾಲಲ್ಲಿ ಹೊಲ ಗದ್ದೆಗಳಲ್ಲಿ ಓಡಾಡುವವರಿಗೆ ತಗಲುವ ಕೊಕ್ಕೆಹುಳು, ನೋವಿನ ಮಾತ್ರೆಗಳಿಂದ ಜಠರದಲ್ಲಿ ಆಗುವ ರಕ್ತಸ್ರಾವ ಸಾಮಾನ್ಯ ಕಾರಣಗಳು. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಕರುಳಿನ ಪರೀಕ್ಷೆ ಆಗಲೇಬೇಕು. ಕೊರತೆ ದೃಢಪಡದೆ ಅಂದಾಜಿನ ಮೇಲೆ ವರ್ಷಗಟ್ಟಲೆ ಕಬ್ಬಿಣ ನುಂಗುವುದೂ ತಪ್ಪು. ಅದು ಹೆಚ್ಚಾದರೆ ಯಕೃತ್ತಿಗೆ ಹಾನಿ.

ಸಂಜೆಯ ಅಭ್ಯಾಸಗಳು

ಎರಡು ವಾರ ಮಧ್ಯಾಹ್ನದ ನಂತರ ಕಾಫಿ, ಚಹಾ ಬಿಟ್ಟು ನೋಡಿ. ಸಂಜೆಯ ಫಿಲ್ಟರ್ ಕಾಫಿ ಬಿಡುವುದು ನಮ್ಮಲ್ಲಿ ಔಷಧ ಸೇವಿಸುವುದಕ್ಕಿಂತ ಕಷ್ಟವೆಂಬುದು ಗೊತ್ತಿದ್ದೇ ಹೇಳುತ್ತಿರುವ ಮಾತಿದು. ಮದ್ಯ ನಿದ್ದೆ ತರುವಂತೆ ಕಂಡರೂ ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಹಗಲಿನಲ್ಲಿ ಮಿತವಾದ ನಡಿಗೆ, ಕಾಲಿನ ವ್ಯಾಯಾಮ ಸಹಾಯಕ. ರಾತ್ರಿ ಬೆವರು ಸುರಿಸುವ ಕಸರತ್ತು ಬೇಡ.

ತುಡಿತ ಶುರುವಾದಾಗ ಹಲ್ಲುಕಚ್ಚಿ ಮಲಗಿರುವುದರಿಂದ ಗೆಲುವಿಲ್ಲ. ಎದ್ದು ನಡೆಯಿರಿ, ಕಾಲಿಗೆ ಬಿಸಿನೀರೋ ತಣ್ಣೀರೋ ಹಿತವೆನಿಸಿದ್ದನ್ನು ಸುರಿದುಕೊಳ್ಳಿ, ಚೆನ್ನಾಗಿ ಉಜ್ಜಿಕೊಳ್ಳಿ. ಮನಸ್ಸು ಒಂದು ಕೆಲಸದಲ್ಲಿ ಮುಳುಗಿದಾಗ ತುಡಿತ ತಗ್ಗುತ್ತದೆ. ಸಂಜೆ ಸುಮ್ಮನೆ ಕುಳಿತು ಟಿವಿ ನೋಡುವುದಕ್ಕಿಂತ ಹೂ ಕಟ್ಟುವುದು, ಪದಬಂಧ ತುಂಬುವುದು ಮೇಲು. ರಾತ್ರಿಯ ಸ್ಲೀಪರ್ ಬಸ್ಸಿನಲ್ಲಿ ಅಲುಗಾಡದೆ ಮಲಗಿರಬೇಕಾದ ಪ್ರಯಾಣ ಇವರಿಗೆ ಹಿಂಸೆ. ಎದ್ದು ಓಡಾಡಲು ಬರುವ ರೈಲು, ಇಲ್ಲವೇ ಬೆಳಗಿನ ಬಸ್ಸು ಆರಿಸಿಕೊಳ್ಳಬೇಕು. ವಿಮಾನದಲ್ಲಿ ನಡುದಾರಿಯ ಪಕ್ಕದ ಆಸನ ಕೇಳಿ ಪಡೆಯಬೇಕು.

ಔಷಧ ಬೇಕಾದಾಗ

ಕಬ್ಬಿಣ ಸರಿಪಡಿಸಿ, ಕೆರಳಿಸುವ ಮಾತ್ರೆಗಳನ್ನು ತೆಗೆದ ಮೇಲೂ ವಾರದಲ್ಲಿ ಹಲವು ರಾತ್ರಿ ನಿದ್ದೆ ಕೆಡುತ್ತಿದ್ದರೆ ಔಷಧದ ಮಾತು ಬರುತ್ತದೆ. ಈಗ ಮೊದಲ ಆಯ್ಕೆಯಾಗಿ ಶಿಫಾರಸಾಗುವುದು ಗ್ಯಾಬಪೆಂಟಿನ್ ಅಥವಾ ಪ್ರಿಗ್ಯಾಬಲಿನ್. ಇವು ತಲೆಸುತ್ತು, ಮಂಪರು, ತೂಕ ಹೆಚ್ಚಳ ತರಬಹುದು. ವೃದ್ಧರು ಬೀಳುವ ಅಪಾಯವಿದೆ, ಮೂತ್ರಪಿಂಡ ದುರ್ಬಲವಾಗಿದ್ದವರಿಗೆ ಪ್ರಮಾಣ ತಗ್ಗಿಸಬೇಕು.

ಹಿಂದೆ ಮೊದಲ ಸ್ಥಾನದಲ್ಲಿದ್ದ ಪ್ರಮಿಪೆಕ್ಸೋಲ್, ರೊಪಿನಿರೋಲ್ ಮೊದಲ ರಾತ್ರಿಯಿಂದಲೇ ಆರಾಮ ಕೊಡುತ್ತವೆ. ಅಲ್ಲಿಯೇ ತೊಡಕಿರುವುದು. ತಿಂಗಳು ವರ್ಷಗಳು ಕಳೆದಂತೆ ಕೆಲವರಲ್ಲಿ ಕಾಯಿಲೆಯೇ ಉಲ್ಬಣಿಸುತ್ತದೆ. ರಾತ್ರಿ ಹತ್ತಕ್ಕೆ ಬರುತ್ತಿದ್ದ ತುಡಿತ ಸಂಜೆ ಐದಕ್ಕೆ ಬರುತ್ತದೆ, ಕೈಗಳಿಗೂ ಹಬ್ಬುತ್ತದೆ, ಪ್ರಮಾಣ ಹೆಚ್ಚಿಸಿದಷ್ಟೂ ಹದಗೆಡುತ್ತದೆ. ಜೂಜು, ಅತಿಯಾದ ಖರೀದಿಯಂತಹ ಹಿಡಿತ ತಪ್ಪಿದ ನಡವಳಿಕೆಯೂ ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆ, ಮನೆಯವರು ಅದನ್ನು ಮಾತ್ರೆಗೆ ಜೋಡಿಸಿ ನೋಡುವುದೇ ಇಲ್ಲ. ಆದ್ದರಿಂದಲೇ 2025ರ ಮಾರ್ಗಸೂಚಿ ಇವುಗಳ ಸಾಮಾನ್ಯ ಬಳಕೆ ಬೇಡವೆಂದಿದೆ. ನಿದ್ದೆ, ಆತಂಕಕ್ಕೆಂದು ನಮ್ಮಲ್ಲಿ ಧಾರಾಳವಾಗಿ ಬರೆಯುವ ಕ್ಲೊನಜೆಪಾಮ್ ಕೂಡ ಶಿಫಾರಸಿನಲ್ಲಿಲ್ಲ. ಈಗಾಗಲೇ ಇವುಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು. ವೈದ್ಯರ ಸೂಚನೆಯಂತೆ ಹಂತಹಂತವಾಗಿ ಇಳಿಸಬೇಕು.

ಗರ್ಭಿಣಿಯರು, ಡಯಾಲಿಸಿಸ್ ರೋಗಿಗಳು, ಮಕ್ಕಳು

ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ಸೆಳೆತ, ಚಡಪಡಿಕೆ ಎರಡೂ ಹೆಚ್ಚು. ಈ ಹೊತ್ತಿನಲ್ಲಿ ಶುರುವಾದ ಚಡಪಡಿಕೆ ಸಾಮಾನ್ಯವಾಗಿ ಹೆರಿಗೆಯ ನಂತರ ಇಳಿದುಹೋಗುತ್ತದೆ. ಹಿಗ್ಗಿಸುವ ವ್ಯಾಯಾಮ, ನೀವುವುದು ಸುರಕ್ಷಿತ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಕೆಂಪು ಬಣ್ಣದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು ವಾಕರಿಕೆ ಎಂದು ಬಿಟ್ಟಿರುವವರು ಅದನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿಕೊಂಡಾದರೂ ಮುಂದುವರಿಸಬೇಕು. ಬೇರೆ ಔಷಧವನ್ನು ಹೆರಿಗೆ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಡಯಾಲಿಸಿಸ್ ನಡೆಯುವಾಗ ನೀರನ್ನು ವೇಗವಾಗಿ ಹೊರತೆಗೆದರೆ ಸೆಳೆತ ಬರುತ್ತದೆ. ಎರಡು ಸರದಿಗಳ ನಡುವೆ ನೀರು, ಉಪ್ಪು ಮಿತಿಯಲ್ಲಿದ್ದರೆ ಹೊರತೆಗೆಯಬೇಕಾದ ನೀರೂ ಕಡಿಮೆ. ಚಡಪಡಿಕೆಯೂ ಇವರಲ್ಲಿ ಹೆಚ್ಚು. ಸಹಿಸಿಕೊಂಡು ಸುಮ್ಮನಿರದೆ ಘಟಕದ ವೈದ್ಯರಿಗೆ ಹೇಳಬೇಕು.

ಮಕ್ಕಳು ರಾತ್ರಿ ಕಾಲುನೋವೆಂದರೆ ‘ಬೆಳೆಯುವ ನೋವು’ ಎಂದು ಸಮಾಧಾನ ಹೇಳುವುದು ವಾಡಿಕೆ. ಬಹುಪಾಲು ಅದು ಸರಿಯೇ. ಆದರೆ ಮಗು ಮಲಗಿದಾಗಲೆಲ್ಲ ಕಾಲು ಬಡಿಯುತ್ತಿದ್ದರೆ, ಹಗಲು ಸಿಡುಕುತ್ತಿದ್ದರೆ, ಹೆತ್ತವರಲ್ಲಿ ಒಬ್ಬರಿಗೆ ಚಡಪಡಿಕೆ ಇದ್ದರೆ ಮಕ್ಕಳ ವೈದ್ಯರಿಗೆ ಹೇಳಿ ಫೆರಿಟಿನ್ ನೋಡಿಸಬೇಕು. ಮಕ್ಕಳಲ್ಲಿ 50ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಡುವುದು ರೂಢಿ. ಕುಂಟುತ್ತಿದ್ದರೆ, ಜ್ವರ ಇದ್ದರೆ, ಒಂದೇ ಜಾಗದಲ್ಲಿ ನೋವು ನಿಂತಿದ್ದರೆ ಅದು ಬೆಳವಣಿಗೆಯ ನೋವಲ್ಲ.

ವೈದ್ಯರ ಬಳಿಗೆ ಹೋಗುವ ಮುನ್ನ

ಎರಡು ವಾರದ ಟಿಪ್ಪಣಿ ಇಟ್ಟುಕೊಳ್ಳಿ: ತೊಂದರೆ ಬಂದ ಹೊತ್ತು, ಎಷ್ಟು ಹೊತ್ತು ಇತ್ತು, ಏನು ಮಾಡಿದಾಗ ಕಡಿಮೆಯಾಯಿತು, ಅಂದು ಸೇವಿಸಿದ ಮಾತ್ರೆ, ಕಾಫಿ. ಚಡಪಡಿಕೆ ಇರುವವರಲ್ಲಿ ಹೆಚ್ಚಿನವರಿಗೆ ನಿದ್ದೆಯಲ್ಲಿ ಕಾಲು ಮತ್ತೆ ಮತ್ತೆ ಜಗ್ಗುವ ಲಕ್ಷಣವೂ ಇರುತ್ತದೆ. ಅದು ಗೊತ್ತಾಗುವುದು ಪಕ್ಕದಲ್ಲಿ ಮಲಗಿ ಒದೆ ತಿಂದವರಿಗೆ. ಅವರು ಮೊಬೈಲಿನಲ್ಲಿ ಒಂದು ನಿಮಿಷದ ವೀಡಿಯೊ ತೆಗೆದುಕೊಟ್ಟರೆ ವೈದ್ಯರಿಗೆ ಉಪಯೋಗ. ಚಡಪಡಿಕೆಯನ್ನು ಖಚಿತಪಡಿಸಲು ರಾತ್ರಿಯಿಡೀ ತಂತಿ ಜೋಡಿಸಿ ಮಾಡುವ ನಿದ್ರಾ ಪರೀಕ್ಷೆ ಕಡ್ಡಾಯವಲ್ಲ. ಜೋರು ಗೊರಕೆ, ಉಸಿರು ನಿಂತಂತಾಗುವುದು ಜೊತೆಗಿದ್ದರೆ ಅದು ಬೇಕಾಗಬಹುದು. ಮೊದಲು ಊರಿನ ಫಿಸಿಷಿಯನ್ ಬಳಿ ಹೋದರೆ ಸಾಕು. ರೋಗನಿರ್ಣಯ ಸ್ಪಷ್ಟವಾಗದಿದ್ದರೆ, ಅಥವಾ ಹಳೆಯ ಔಷಧದಿಂದಲೇ ಕಾಯಿಲೆ ಉಲ್ಬಣಿಸಿದ್ದರೆ ನರರೋಗ ತಜ್ಞರನ್ನು, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಯನ್ನು ಟಿಪ್ಪಣಿ, ಮಾತ್ರೆಗಳ ಪಟ್ಟಿ, ಫೆರಿಟಿನ್ ಚೀಟಿ ಮೂರನ್ನೂ ಜೊತೆಗಿಟ್ಟುಕೊಂಡು ಕಾಣುವುದು ಸೂಕ್ತ.